ರದ್ದಿಗೆ ಹಾಕಿದ ಪುಸ್ತಕ, ಪುಕ್ಕಟ ಸಿಕ್ಕ ಪುಸ್ತಕ

ಹೋದ ಸಲ ಕೆಂಪ ಖಾರ ಕುಟ್ಟಿಸಿದ ಕಥಿ ಬರದಾಗ ನಿಮ್ಮೊಳಗ ನಾಕೈದು ಮಂದಿ ಫೋನ್ ಮಾಡಿ, ಮುಂದಿನ ಸಲ ಯಾವ ಅಡಗಿ ಅಂತ ಕೇಳಿದ್ರಿ. ಈ ಸಲ ಅಡಗಿ ಇಲ್ಲವಾ. ಈ ಸಲ ನಾ ಒಂದು ತಪ್ಪು ಒಪ್ಕೊಳ್ಳೂದೈತಿ. ಅದರ ಜೋಡಿ ಒಂದೀಟು ಇತಿಹಾಸಾನೂ ಹೇಳೂದೈತಿ. ರೊಟ್ಟಿ ಬಡದು, ಭಾಂಡಿ ತಿಕ್ಕಿ ಮುಗಿಸಿ ಕುಂತು ಓದ್ರಿ.

ಬೈಲಹೊಂಗಲದಾಗ ಪ್ಯಾಟಿ ಒಳಗಿನ ಹಳೇ ಮನಿ ಬಿಟ್ಟು ನಾವು ಈಗಿನ ಮನಿಗೆ ಬಂದದ್ದು 2011ರಾಗ. ಸಾಮಾನು ಕಟ್ಟೂ ಮುಂದ ಅಟ್ಟದ ಮ್ಯಾಲಿನ ತಗಡಿನ ಟ್ರಂಕ್ ಇಳಿಸಿದ್ವಿ. ಒಳಗ ಹಳೇ ಪುಸ್ತಕ, ಮಾಸಪತ್ರಿಕೆ, ಹುಳ ತಿಂದ ಪಂಚಾಂಗ. ಅತ್ತಿಯವರು ಆಗ ಲಗ್ನಕ್ಕಂತ ರಾಮದುರ್ಗಕ್ಕ ಹೋಗಿದ್ರು. ನಾ ಅವರನ್ನ ಕೇಳಲಿಲ್ಲ. ರದ್ದಿಯಂವ ಬಾಗಿಲಿಗೆ ಬಂದಿದ್ದ, ತಕ್ಕಡ್ಯಾಗ ಹಾಕಿ ತೂಗಿ ಕೊಟ್ಟುಬಿಟ್ಟೆ. ಬಂದ ರೊಕ್ಕದಾಗ ಎರಡು ಪ್ಲಾಸ್ಟಿಕ್ ಬುಟ್ಟಿ ತಗೊಂಡೆ. ಅದರಾಗ ಒಂದು ಬುಟ್ಟಿ ಇನ್ನೂ ಬಚ್ಚಲದಾಗ ಐತಿ, ದಿನಾ ನನ್ನ ಮಾರಿ ನೋಡತೈತಿ.

ಆ ರದ್ದಿಯೊಳಗ ಅತ್ತಿಯವರು ಸವದತ್ತಿ ಕಡೆ ತವರಿನಿಂದ ತಂದ ಒಂದು ಪುಸ್ತಕ ಇತ್ತು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ'. ಮೊದಲಿನ ಹಾಳಿ ಹರದು ಹೋಗಿದ್ದವು, ಯಾವ ವರ್ಷದ್ದು ಅಂತ ಗೊತ್ತಾಗ್ತಿರಲಿಲ್ಲ. ಊರಿಂದ ಬಂದ ಮ್ಯಾಲ ಅತ್ತಿಯವರು ಒಂದ ಸಲ ಕೇಳಿದ್ರು, "ಆ ಟ್ರಂಕ್ ಎಲ್ಲೈತಿ?" ನಾ ಹೇಳಿದೆ. ಅವರು ಸುಮ್ಮನಾದ್ರು, ಬಯ್ಯಲಿಲ್ಲ. ಆದ್ರ ಶ್ರಾವಣ ಬಂತಂದ್ರ, ಸೋಮವಾರ ವಿಭೂತಿ ಹಚ್ಚಿಕೊಂಡು ಜಗಲಿ ಮುಂದ ಕುಂತಾಗ ಒಂದ ಮಾತು: "ಆ ಪುಸ್ತಕ ಇದ್ದಿದ್ರ ಚೊಲೋ ಇತ್ತು." ಬೈದಿದ್ರ ಇದಕ್ಕಿಂತ ಹಗುರ ಆಗ್ತಿತ್ತು.

ಈಗ ಅವರಿಗೆ ಎಂಬತ್ತು ದಾಟ್ಯಾವ. ಎರಡೂ ಕಣ್ಣಿನ ಪೊರೆ ತಗಿಸೇವಿ. ಆದ್ರೂ ಸಣ್ಣ ಅಕ್ಷರ ಕಾಣೂದಿಲ್ಲ, ಮೊಬೈಲದ ಬೆಳಕಿಗೆ ಕಣ್ಣಾಗ ನೀರು ಬರ್ತಾವ. ಹೋದ ವರ್ಷ ಮಗಳು ತನ್ನ ಪಗಾರದಾಗ ಒಂದು ಇ-ರೀಡರ್ ತಂದಳು. ಪಾಟಿಯಂಗ ಇರ್ತೈತಿ, ಬೆಳಕು ಕಣ್ಣಿಗೆ ಹೊಡಿಯೂದಿಲ್ಲ, ಅಕ್ಷರ ಬೇಕಾದಷ್ಟು ದಪ್ಪ ಮಾಡ್ಕೋಬಹುದು. "ಆಯಿ, ಇದರಾಗ ಏನ್ ಓದ್ತಿ?" ಅಂತ ಮಗಳು ಕೇಳಿದ್ಲು. ಅತ್ತಿಯವರು ಏನ್ ಅಂದ್ರು ಅಂತ ನಿಮಗ ಹೇಳೂದ ಬ್ಯಾಡ.

ಹಂಗ ನಾ ಆ ಪುಸ್ತಕದ ಬೆನ್ನ ಹತ್ತಿದೆ. ಇಂಟರ್ನೆಟ್ ಆರ್ಕೈವ್ ಅನ್ನೂ ತಾಣದಾಗ ಹುಡುಕಿದ್ರ ಪುಸ್ತಕ ಸಿಕ್ತು. ಪೂರ್ತಿ ಪುಸ್ತಕ, ಹಾಳಿ ಹಾಳಿ ಫೋಟೋ ತಗದು ಇಟ್ಟಾರ. ರೊಕ್ಕ ಕೇಳಲಿಲ್ಲ, ಹೆಸರು ಕೇಳಲಿಲ್ಲ. ನನಗ ಖುಷಿಗಿಂತ ಮೊದಲ ಅನುಮಾನ ಬಂತು. ಮಗಳೂ ಅಂದ್ಲು, "ಅವ್ವಾ, ಇದು ಕದ್ದ ಮಾಲು ಅಲ್ಲೇನ? ವಾಟ್ಸಾಪ್ ಗುಂಪಿನ್ಯಾಗ ಪಿಡಿಎಫ್ ಹಂಚ್ತಾರಲ್ಲ, ಹಂಗ?" ಮಾತು ಖರೇನ. ಹಂಗಾಗಿ ಕಾಯ್ದೆ ಏನ್ ಹೇಳತೈತಿ ಅಂತ ತಿಳಕೊಂಡೆ. ನಿಮಗೂ ಹೇಳ್ತೇನಿ, ತಲಿ ಕೆಡಿಸೂವಂಥಾದ್ದೇನಿಲ್ಲ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಬರದವರು ಇರೂತನಕ ಪುಸ್ತಕದ ಹಕ್ಕು ಅವರದು, ಅವರು ಹೋದ ಮ್ಯಾಲ ಮತ್ತ ಐವತ್ತು ವರ್ಷ ಅವರ ವಾರಸುದಾರರದು ಅಂತ ಮೊದಲ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಾಗ. 1991 ಮುಗಿದ್ರ ಅವರ ಬರಹದ ಮ್ಯಾಲಿನ ಹಕ್ಕು ವಿಶ್ವಭಾರತಿಯ ಕೈ ತಪ್ಪಿ ಹೋಗಿಬಿಡ್ತಿತ್ತು. ಆ ಹೊತ್ತಿಗೆ ಸರಕಾರ ಕಾಯ್ದೆ ತಿದ್ದಿ ಐವತ್ತು ಇದ್ದದ್ದನ್ನ ಅರವತ್ತು ಮಾಡಿತು. ಆವಾಗಿಂದ ನಮ್ಮಲ್ಲಿ ಅರವತ್ತರ ಲೆಕ್ಕ. ಬರದವರು ತೀರಿದ ವರ್ಷ ಬಿಟ್ಟು, ಮುಂದಿನ ಜನವರಿ 1ರಿಂದ ಎಣಿಸಬೇಕು. ಅರವತ್ತು ತುಂಬಿದ ಮ್ಯಾಲ ಆ ಪುಸ್ತಕ ಎಲ್ಲಾರದು. ಊರ ಕೆರಿ ಇದ್ದಂಗ, ಯಾರು ಬೇಕಾದ್ರೂ ಕೊಡ ತುಂಬಿಕೊಳ್ಳಬಹುದು. ಅಚ್ಚು ಹಾಕಿ ಮಾರಬಹುದು, ಪುಕ್ಕಟ ಹಂಚಬಹುದು, ನಾಟಕ ಮಾಡಬಹುದು.

ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ಕ್ಕ. ಲೆಕ್ಕ ಹಾಕ್ರಿ. 1965ರಿಂದ ಎಣಿಸಿದ್ರ 2024ಕ್ಕ ಅರವತ್ತು ಮುಗೀತು. 2025ರ ಜನವರಿ 1ರಿಂದ ಅವರು ಬರದದ್ದೆಲ್ಲ ನಮ್ಮದು. ನಾ ಹುಡುಕಿದ್ದು ಆ ವರ್ಷದ ಶ್ರಾವಣದಾಗ. ಅಂದ್ರ ನಾ ಕದ್ದಿಲ್ಲ. ಮನಸ್ಸು ಹಗುರಾತು.

ಅದೇ ದಿನ ಇನ್ನೊಬ್ಬರ ಬರಹಾನೂ ಬಿಡುಗಡೆ ಆತು, 'ಕರ್ನಾಟಕ ಗತವೈಭವ' ಬರದ ಆಲೂರ ವೆಂಕಟರಾಯರದು. ಈ ಇಬ್ಬರ ಜೋಡಿ ನೋಡ್ರಿ. ಇಬ್ಬರೂ ಹುಟ್ಟಿದ್ದು 1880ರ ಜುಲೈ ತಿಂಗಳಾಗ, ಹತ್ತು ದಿನದ ಫರಕ. ಹಳಕಟ್ಟಿಯವರು ಧಾರವಾಡದಾಗ ಹುಟ್ಟಿ ವಿಜಾಪುರದಾಗ ಬಾಳೇವು ಮಾಡಿದ್ರು, ಆಲೂರರು ವಿಜಾಪುರದಾಗ ಹುಟ್ಟಿ ಧಾರವಾಡದಾಗ ಬಾಳೇವು ಮಾಡಿದ್ರು. ತೀರಿಕೊಂಡದ್ದೂ ಇಬ್ಬರೂ 1964ರಾಗ. ಹಂಗಾಗಿ ಕಾಯ್ದೆ ಇಬ್ಬರ ಪುಸ್ತಕಾನೂ ಒಂದ ದಿನ ನಮ್ಮ ಉಡ್ಯಾಗ ಹಾಕಿತು.

ಆದ್ರ ಕಾಯ್ದೆ ಬಿಟ್ಟ ಮಾತ್ರಕ್ಕ ಪುಸ್ತಕ ಕೈಗೆ ಬರೂದಿಲ್ಲ. ಅದು ನಮ್ಮ ತನಕ ಹ್ಯಾಂಗ ಬಂತು ಅನ್ನೂದ ಬ್ಯಾರೆ ಕಥಿ. ಖರೇ ಅಂದ್ರ ನಾ ಹೇಳಬೇಕಂತ ಕುಂತದ್ದು ಅದನ್ನ.

ಹಳಕಟ್ಟಿಯವರು ಮುಂಬೈದಾಗ ಕಾಯ್ದೆ ಓದಿ 1904ರ ಹೊತ್ತಿಗೆ ವಿಜಾಪುರದಾಗ ವಕೀಲಿ ಹಿಡದ್ರು. ಆಗ ವಚನ ಅಂದ್ರ ಅಂಗಡ್ಯಾಗ ಸಿಗೂ ಪುಸ್ತಕ ಅಲ್ಲ. ಮಠದಾಗ, ಮನಿ ಜಗಲಿ ಮ್ಯಾಲ, ಅರಿವ್ಯಾಗ ಸುತ್ತಿಟ್ಟ ತಾಡೋಲೆ ಕಟ್ಟು. ಮಂದಿ ಅವಕ್ಕ ಹೂವು ಏರಸ್ತಿದ್ರು, ಊದಿನಕಡ್ಡಿ ಬೆಳಗ್ತಿದ್ರು, ಬಿಚ್ಚಿ ಓದೂವ್ರು ಕಡಿಮಿ. ಆ ಲಿಪಿ ಓದಾಕ ಬರೂವ್ರೂ ಕಡಿಮಿ. ಈ ಮನುಷ್ಯಾ ಕೋರ್ಟಿನ ಕೆಲಸ ಮಾಡ್ಕೋತ ಊರೂರು ತಿರುಗಿ, ಕಟ್ಟು ಕೇಳಿ ತಂದು, ಒಂದೊಂದ ಗರಿ ನೋಡಿ ಕೈಲೆ ನಕಲು ಮಾಡಿದ್ರು. ಹತ್ತು ಕಡಿ ಪ್ರತಿ ಇದ್ರ ಹತ್ತೂ ಹೋಲಿಸಿ ನೋಡಬೇಕು, ಯಾಕಂದ್ರ ಬರದವರ ಕೈ ತಪ್ಪಿರ್ತಿತ್ತು. ಅಷ್ಟೆಲ್ಲ ಮಾಡಿ, ವಿಷಯದ ಪ್ರಕಾರ ಹೊಂದಿಸಿ 'ವಚನಶಾಸ್ತ್ರ ಸಾರ' ಸಿದ್ಧ ಮಾಡಿದ್ರು.

ಅಚ್ಚಿಗಂತ ಮೊದಲ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕ ಕಳಿಸಿದ್ರು. ಅಲ್ಲಿಂದ ಅದು ಹೊಳ್ಳಿ ಬಂತು. ಆಮ್ಯಾಲ 1923ರಾಗ ಅಚ್ಚಾತು. ಎಲ್ಲಿ ಗೊತ್ತೇನ್ರಿ? ನಮ್ಮ ಬೆಳಗಾವ್ಯಾಗ, ಮಹಾವೀರ ಪ್ರೆಸ್ಸಿನಾಗ. ಬಸ್ಸು ಹತ್ತಿ ನಾವು ಲಗ್ನದ ಸೀರಿ ತರಾಕ ಹೋಗೂ ಊರಾಗ ಆ ಪುಸ್ತಕ ಮೊದಲ ಕಣ್ಣು ಬಿಟ್ಟಿತು ಅಂತ ತಿಳದಾಗ ನನಗ ಮೈ ಝುಂ ಅಂತು. ಮಂದಿ ಪ್ರೆಸ್ ನಂಬಿ ಕುಂತ್ರ ಕೆಲಸ ಸಾಗೂದಿಲ್ಲ ಅಂತ 1925ರಾಗ ಹಳಕಟ್ಟಿಯವರು ತಮ್ಮ ಮನಿ ಮಾರಿ ವಿಜಾಪುರದಾಗ 'ಹಿತಚಿಂತಕ' ಮುದ್ರಣಾಲಯ ಹಾಕಿದ್ರು. ಮುಂದಿನ ವರ್ಷ 'ಶಿವಾನುಭವ' ಪತ್ರಿಕೆ, ಅದರ ಮುಂದಿನ ವರ್ಷ 'ನವಕರ್ನಾಟಕ' ವಾರಪತ್ರಿಕೆ. 1926ರಾಗ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕ ಅವರನ್ನ ಅಧ್ಯಕ್ಷರನ್ನಾಗಿ ಮಾಡಿದ್ರು. ಅಧ್ಯಕ್ಷರಿಗೆ ಹಾರ ಬಿತ್ತು, ಆದ್ರ ಇದ್ದ ಮನಿ ಹೋಗಿತ್ತು. ಆ ಮನ್ಯಾಗಿದ್ದ ಹೆಣ್ಣುಮಕ್ಕಳು ಸಾಮಾನು ಹ್ಯಾಂಗ ಕಟ್ಟಿದ್ರೋ, ಏನೇನು ಬಿಟ್ಟು ಬಂದ್ರೋ, ಅದನ್ನ ಯಾವ ಪುಸ್ತಕದಾಗೂ ನಾ ಓದಲಿಲ್ಲ. ನಮ್ಮ ಮನಿ ಬದಲಿ ಮಾಡಿದ ದಿನ ನೆನಪಾಗಿ ಅದನ್ನ ಭಾಳ ಹೊತ್ತು ವಿಚಾರ ಮಾಡಿದೆ.

ಅವರೊಬ್ಬರ ಅಲ್ಲ. ಗಳಗನಾಥರ ಹೆಸರು ನಮ್ಮ ಆಯಿ ಕಾಲದವರಿಗೆ ಗೊತ್ತಿತ್ತು. ಹಾವೇರಿ ಕಡೆಯವರು. ಕಾದಂಬರಿ ಬರದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಾವ ಹೊತ್ತು ಊರೂರು ತಿರುಗಿ ಮಾರಿದ್ರು. ಅವರು ತೀರಿಕೊಂಡದ್ದು 1942ರಾಗ, ಹಂಗಾಗಿ 2003ರಿಂದ ಅವರ ಬರಹ ಎಲ್ಲಾರದು. ಆಗ ಗಂಟು ಹೊತ್ತು ಬಾಗಿಲಿಗೆ ತಂದ ಪುಸ್ತಕ ಈಗ ಕೈಯಾಗಿನ ಪಾಟಿಗೆ ಬರತೈತಿ.

ತಾಡೋಲೆಯಿಂದ ಅಚ್ಚಿಗೆ ತಂದವರು ಇವರು. ಅಚ್ಚಿನಿಂದ ಮೊಬೈಲಿಗೆ ತಂದವರು ಯಾರು? 2000ದ ಆಜೂಬಾಜೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೂ ಕೂಡಿ ದೊಡ್ಡ ಯೋಜನೆ ಹಾಕ್ಕೊಂಡ್ರು. ನಮ್ಮ ದೇಶದ ಲೈಬ್ರರಿಗಳ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡೂದು. ಅದಕ್ಕ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಅಂತ ಹೆಸರು. ಗಡಬಡ್ಯಾಗ ಕೆಲವು ಹಾಳಿ ಸೊಟ್ಟ, ಕೆಲವು ಮಸಕ, ಪುಸ್ತಕದ ಹೆಸರು ಇಂಗ್ಲಿಷಿನಾಗ ತಪ್ಪು ತಪ್ಪು. ಅದರಾಗ ಇನ್ನೂ ಹಕ್ಕು ಮುಗೀಲಾರದ ಪುಸ್ತಕಾನೂ ಸೇರಿದ್ದವು. ಅದರ ತಕರಾರು ಬಂದು 2017ರಾಗ ಆ ತಾಣ ಬಂದ್ ಆತು. ಅಷ್ಟರಾಗ ಕಾರ್ಲ್ ಮಲಮುದ್ ಅನ್ನೂವ್ರು ಅದರಾಗಿನ ಪುಸ್ತಕ ಇಂಟರ್ನೆಟ್ ಆರ್ಕೈವಿಗೆ ಏರಿಸಿದ್ರು. ಈಗ ಬೆಂಗಳೂರಿನ್ಯಾಗ 'ಸರ್ವೆಂಟ್ಸ್ ಆಫ್ ನಾಲೆಜ್' ಅನ್ನೂ ಹೆಸರಿಲೆ, 'ಸಂಚಿ ಫೌಂಡೇಶನ್' ಮಂದಿಯೂ ಕೂಡಿ, ಕನ್ನಡ ಪುಸ್ತಕ ಹಾಳಿ ತಿರುವಿ ತಿರುವಿ ಸ್ಕ್ಯಾನ್ ಮಾಡ್ಲಿಕತ್ತಾರ. ವಚನ ಅಷ್ಟ ಬೇಕಂದ್ರ 'ವಚನ ಸಂಚಯ' ಅಂತ ತಾಣ ಐತಿ. ಅದರಾಗ 20 ಸಾವಿರಕ್ಕೂ ಹೆಚ್ಚು ವಚನ ಅದಾವ, ಒಂದು ಶಬ್ದ ಹಾಕಿದ್ರ ಅದು ಎಲ್ಲೆಲ್ಲಿ ಬಂದೈತಿ ತೋರಸ್ತೈತಿ.

ನಮ್ಮ ಊರಿನ ಹಾಡೂ ಹಿಂಗ ಹುಡುಕೂ ಮುಂದ ಸಿಕ್ತು. ಸಂಗ್ಯಾ-ಬಾಳ್ಯಾ ನಮ್ಮ ಬೈಲಹೊಂಗಲದ ಕಥಿ ಅಂತ ನಿಮಗೆಲ್ಲ ಗೊತ್ತು, ರಾತ್ರಿಯೆಲ್ಲಾ ಕುಂತು ಸಣ್ಣಾಟ ನೋಡೀರಿ. ಜೆ. ಎಫ್. ಫ್ಲೀಟ್ ಅಂತ ಒಬ್ಬ ಇಂಗ್ರೇಜಿ ಅಧಿಕಾರಿ ಇದ್ದ. ಸವದತ್ತಿ ರಟ್ಟರ ಶಾಸನ ಓದಿ ಅಚ್ಚು ಹಾಕಿಸಿದಂವಾ ಅಂವನ. ಅಂವ ನಮ್ಮ ಕಡೆ ಮಂದಿ ಹಾಡೂ ಲಾವಣಿ ಬರಸ್ಕೊಂಡು 1885ರಿಂದ 'ಇಂಡಿಯನ್ ಆಂಟಿಕ್ವರಿ' ಅನ್ನೂ ಮುಂಬೈ ಪತ್ರಿಕೆಯಾಗ ಒಂದೊಂದ ಅಚ್ಚು ಹಾಕಿದ. ಅದರಾಗ ಸಂಗೊಳ್ಳಿ ರಾಯಣ್ಣನ ಲಾವಣಿ ಐತಿ, ಸಂಗ್ಯಾನ ಲಾವಣೀನೂ ಐತಿ. ಫ್ಲೀಟ್ ತೀರಿದ್ದು 1917ರಾಗ, ಆ ಸಂಪುಟ ಎಲ್ಲಾ ಪುಕ್ಕಟ. 1884ರ ಬೆಳಗಾವಿ ಜಿಲ್ಲಾ ಗೆಜೆಟಿಯರೂ ಹಂಗ. ಕಿತ್ತೂರು, ಬೈಲಹೊಂಗಲ, ಸವದತ್ತಿ ಎಲ್ಲಾ ಅದರಾಗ ಅದಾವ. ಆದ್ರ ಒಂದು ನೆನಪಿಡ್ರಿ, ಅದು ಆಳೂ ಮಂದಿ ಬರದ ಪುಸ್ತಕ. 1824ರ ಕಿತ್ತೂರ ಯುದ್ಧದ ಸುದ್ದಿ ಅದರಾಗ ಅವರ ಕಣ್ಣಿನಿಂದ ಬಂದೈತಿ. ಲಾವಣ್ಯಾಗ ನಮ್ಮವರ ದನಿ. ಎರಡೂ ಬಾಜೂಕ ಇಟ್ಕೊಂಡು ಓದಬೇಕು.

ನಮ್ಮ ನಾದಿನಿಗೆ ವಚನ ಬ್ಯಾಡ, ಲಾವಣಿ ಬ್ಯಾಡ, ಆಕಿಗೆ ಕಾದಂಬರಿ ಬೇಕು. ಆಕಿಗಂತ ಹುಡುಕಿದಾಗ ಒಂದು ತಿಳೀತು. 'ಶರಪಂಜರ', 'ಬೆಳ್ಳಿಮೋಡ' ಬರದ ತ್ರಿವೇಣಿಯವರು ತೀರಿಕೊಂಡದ್ದು 1963ರ ಜುಲೈದಾಗ, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅರವತ್ತರ ಲೆಕ್ಕದಾಗ 2024ರ ಜನವರಿ 1ಕ್ಕ ಅವರ ಕಾಲದಾಗ ಅಚ್ಚಾದ ಕಾದಂಬರಿ ಎಲ್ಲಾರದೂ ಆದವು. ಅವರು ಅರ್ಧಕ್ಕ ಬಿಟ್ಟು ಹೋದ 'ಅವಳ ಮಗಳು' ಮುಗಿಸಿದವರು ಎಂ. ಸಿ. ಪದ್ಮಾ. ಹಂಗಾಗಿ ಅದರ ಲೆಕ್ಕ ಬ್ಯಾರೆ. ಪುಟ್ಟಣ್ಣನವರ ಸಿನಿಮಾದ ಹಕ್ಕೂ ಬ್ಯಾರೆ. ಇದನ್ನ ಕೇಳಿ ನಾದಿನಿ ಅಂದ್ಲು, "ಇಷ್ಟು ಲಗೂ ಪುಕ್ಕಟ ಸಿಕ್ತು ಅಂದ್ರ ಆಕಿ ಅಷ್ಟು ಲಗೂ ಹೋದ್ಲು ಅಂತ ಅರ್ಥ, ಅಲ್ಲೇನ ವೈನಿ?" ಹೌದು ಅಂದೆ. ಆಮ್ಯಾಲ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದರ ಹೊಟ್ಟ್ಯಾಗ ಇನ್ನೊಂದು ಮಾತೈತಿ, ಅದನ್ನೂ ಹೇಳಿಬಿಡ್ತೇನಿ. ಬೇಂದ್ರೆಯವರು ತೀರಿದ್ದು 1981ರಾಗ, ನಮ್ಮ ಬೆಟಗೇರಿ ಕೃಷ್ಣಶರ್ಮರು 1982ರಾಗ, ಎಂ. ಕೆ. ಇಂದಿರಾ ಮತ್ತ ಕುವೆಂಪು 1994ರಾಗ. ಇವರ ಪುಸ್ತಕ ಇನ್ನೂ ಎಲ್ಲಾರದೂ ಆಗಿಲ್ಲ. ಗುಂಪಿನ್ಯಾಗ ಅವರ ಪಿಡಿಎಫ್ ಬಂದ್ರ ಮುಂದ ತಳ್ಳಬ್ಯಾಡ್ರಿ, ಕೊಂಡು ಓದ್ರಿ, ಇಲ್ಲಾ ಲೈಬ್ರರಿಯಿಂದ ತರ್ರಿ. ಹಳೇ ಪುಸ್ತಕಕ್ಕ ಈಗಿನವರು ಬರದ ಮುನ್ನುಡಿ, ಟಿಪ್ಪಣಿ, ಅನುವಾದ ಇದ್ರ ಅದರ ಹಕ್ಕು ಈಗಿನವರದು. ಆದ್ರ ವಾರಸುದಾರರು ತಾವಾಗಿ ಬಿಟ್ಟುಕೊಟ್ರ ಅರವತ್ತರ ತನಕ ಕಾಯೂದು ಬ್ಯಾಡ. ನಿರಂಜನರ ಮಕ್ಕಳು 2014ರಾಗ ತಂದಿಯ ಬರಹ ಎಲ್ಲಾರೂ ಬಳಸಬಹುದು ಅಂತ ಮುಕ್ತ ಪರವಾನಗಿ ಕೊಟ್ಟುಬಿಟ್ರು. ದೊಡ್ಡ ಮನಸ್ಸು.

ಈಗ ಅತ್ತಿಯವರ ಪಾಟಿಗೆ ಬರೂಣು. ಪುಸ್ತಕ ಸಿಕ್ತು ಅಂತ ನಾ ಹಿಗ್ಗಿ ಅದರಾಗ ಹಾಕಿಕೊಟ್ಟೆ. ಅತ್ತಿಯವರು ಹಿಡಕೊಂಡು ನೋಡಿ, "ಇರಿವಿ ಸಾಲು ಕಂಡಂಗ ಕಾಣತೈತಿ" ಅಂದ್ರು. ಯಾಕಂದ್ರ ಸ್ಕ್ಯಾನ್ ಅಂದ್ರ ಫೋಟೋ. ಅಕ್ಷರ ದಪ್ಪ ಮಾಡಿದ್ರ ಹಾಳಿನ ದಪ್ಪ ಆಗತೈತಿ, ಅರ್ಧ ಸಾಲು ಪಾಟಿ ಹೊರಗ ಹೋಗತೈತಿ. ಎಡಕ್ಕ ಸರಿಸು, ಬಲಕ್ಕ ಸರಿಸು, ಓದೂವ್ರು ದಣೀತಾರ. ಇ-ರೀಡರಿನಾಗ ಅಕ್ಷರ ದಪ್ಪ ಆಗಿ ಸಾಲು ತಾನ ಮಡಚಿಕೊಳ್ಳಬೇಕಂದ್ರ, ಫೋಟೋ ಸಾಲೂದಿಲ್ಲ. ಯಾರೋ ಒಬ್ಬರು ಅದನ್ನ ಅಕ್ಷರ ಅಕ್ಷರ ಟೈಪ್ ಮಾಡಿರಬೇಕು. ಅಂಥಾ ಕಡತಕ್ಕ ಇ-ಪಬ್ ಅಂತಾರ. ಇಂಗ್ಲಿಷಿಗೆ ಈ ಕೆಲಸ 1971ರಾಗ ಶುರು ಆತು. ಅಮೆರಿಕದ ಮೈಕೆಲ್ ಹಾರ್ಟ್ ಅನ್ನೂ ಹುಡುಗ ತಾನ ಕುಂತು ಟೈಪ್ ಮಾಡಿ 'ಪ್ರಾಜೆಕ್ಟ್ ಗುಟೆನ್‌ಬರ್ಗ್' ಶುರು ಮಾಡಿದ. ಈಗ ಅದರಾಗ 70 ಸಾವಿರಕ್ಕಿಂತ ಹೆಚ್ಚು ಪುಸ್ತಕ. ಕನ್ನಡದವರು ಬೇಕಂದ್ರ ನಾವ ಮಾಡಬೇಕು.

ಮಗಳು ಒಂದು ಹಾದಿ ತೋರಿಸಿದ್ಲು. ಹಾಳಿ ಫೋಟೋ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ದಾಗ ತಗದ್ರ ಅದು ತಾನ ಅಕ್ಷರ ಓದಿ ಕೊಡತೈತಿ. ಕೊಡತೈತಿ, ಆದ್ರ ಹಳೇ ಅಚ್ಚಿನ ಅಕ್ಷರ ಅದಕ್ಕ ತಿಳಿಯೂದಿಲ್ಲ. 'ಮನೆ' ಇದ್ದದ್ದು 'ವುನೆ' ಆಗತೈತಿ, ಸೊನ್ನಿ ಇದ್ದಲ್ಲಿ ಅಂಕಿ ಸೊನ್ನಿ ಬರತೈತಿ, ಒತ್ತಕ್ಷರ ಮಾಯ. ಜ್ವಾಳದಾಗಿನ ಕಲ್ಲು ಆರಿಸಿದಂಗ ಕುಂತು ಆರಿಸಬೇಕು. ಮೊದಲನೇ ದಿನ ನಾ ಎರಡು ಹಾಳಿಗೆ ಸುಸ್ತಾದೆ. ಮೂರನೇ ದಿನಕ್ಕ ಕೈ ಕೂತಿತು.

ಆಮ್ಯಾಲ ನಾ ನಮ್ಮ ಹೆಣ್ಣುಮಕ್ಕಳ ಗುಂಪಿನ್ಯಾಗ ಹಾಕಿದೆ. ಕಿತ್ತೂರಿನ ನೆಗೆಣ್ಣಿ ಇಪ್ಪತ್ತು ಹಾಳಿ ತಗೊಂಡ್ಲು. ಸವದತ್ತಿ ನಾದಿನಿ, "ಕಾದಂಬರಿ ಇದ್ದಿದ್ರ ಐವತ್ತು ಮಾಡ್ತಿದ್ದೆ" ಅಂತ ಗೊಣಗಿಕೋತ ಹದಿನೈದು ತಗೊಂಡ್ಲು. ರಾಮದುರ್ಗದ ಅಕ್ಕಾರಿಗೆ ಟೈಪ್ ಬರೂದಿಲ್ಲ, ಅವರು ಫೋನಿನ್ಯಾಗ ಓದಿ ಹೇಳ್ತಾರ, ನಾ ತಪ್ಪು ಹಿಡೀತೇನಿ. ಹಳಕಟ್ಟಿಯವರು ಗರಿ ಮುಂದಿಟ್ಕೊಂಡು ಕುಂತಂಗ ನಾವು ಮೊಬೈಲ್ ಮುಂದಿಟ್ಕೊಂಡು ಕುಂತೇವಿ. ಅವರ ಕೆಲಸಕ್ಕ ನಮ್ಮ ಕೆಲಸ ಸರಿ ಅಂತ ಹೇಳೂದಿಲ್ಲ, ಅವರು ಮನಿ ಮಾರಿದ್ರು, ನಾವು ಮಧ್ಯಾಹ್ನದ ಧಾರಾವಾಹಿ ಬಿಟ್ಟೇವಿ. ಆದ್ರ ಕೆಲಸದ ಜಾತಿ ಒಂದ. ಪ್ರತಿ ಸಲ ಯಂತ್ರ ಬದಲಾದಾಗ ಯಾರಾದ್ರೂ ಕುಂತು ಮತ್ತೊಮ್ಮೆ ನಕಲು ಮಾಡದಿದ್ರ ಪುಸ್ತಕ ಹಿಂದ ಉಳದು ಹೋಗತೈತಿ.

ಮೊದಲಿನ ಮೂವತ್ತು ಹಾಳಿ ಮುಗಿದ ದಿನ ಅದನ್ನ ಇ-ಪಬ್ ಮಾಡಿ ಪಾಟಿಗೆ ಹಾಕಿದ್ವಿ. ಅಕ್ಷರ ಬೆರಳಿನಷ್ಟು ದಪ್ಪ. ಅತ್ತಿಯವರು ಕಿಟಕಿ ಬಾಜೂಕ ಕುಂತು ತುಟಿ ಅಲ್ಲಾಡಿಸಿಕೋತ ಓದಿದ್ರು. ಚಾ ಆರಿ ಹೋದ್ರೂ ಲಕ್ಷ್ಯ ಇಲ್ಲ. ನಾ ಒಳಗ ನಿಂತು ನೋಡಿದೆ. ಹದಿನಾಕು ವರ್ಷದ ಭಾರ ಇಳೀತು ಅಂತ ತಿಳಕೊಂಡೆ.

ಸಂಜೀಕ ಅವರು ಕರದು, "ಸಂಗವ್ವಾ, ಇದರ ಕಡೀ ಹಾಳಿ ತಗಿ" ಅಂದ್ರು. ಅಲ್ಲಿತನಕ ಇನ್ನೂ ಟೈಪ್ ಮಾಡಿಲ್ರಿ ಅಂದೆ. "ಟೈಪ್ ಮಾಡಿದ್ದಲ್ಲ, ಆ ಫೋಟೋದ್ದು." ತಗದು ತೋರಿಸಿದೆ. ಕಡೀ ಹಾಳ್ಯಾಗ ಯಾವುದೋ ಲೈಬ್ರರಿಯ ಶಿಕ್ಕಾ, ಪುಸ್ತಕ ಒಯ್ದವರ ತಾರೀಖಿನ ಚೀಟಿ. ಅವರು ಭಾಳ ಹೊತ್ತು ನೋಡಿ, ಪಾಟಿ ಕೆಳಗಿಟ್ರು.

ಆವಾಗ ಹೇಳಿದ್ರು. ನಮ್ಮ ಪುಸ್ತಕದ ಕಡೀ ಖಾಲಿ ಹಾಳ್ಯಾಗ ಅವರ ಅವ್ವ, ಶಾಲಿ ಮಾಸ್ತರ ಕಡಿಂದ, ಮಕ್ಕಳು ಹುಟ್ಟಿದ ದಿನ, ವ್ಯಾಳೇ ಎಲ್ಲಾ ಬರಿಸಿಟ್ಟಿದ್ದಳಂತ. ನಾಕು ಮಕ್ಕಳದು. ಎರಡು ವರ್ಷದಂವ ಇದ್ದಾಗ ಹೋದ ತಮ್ಮನದೂ ಇತ್ತಂತ. ಅತ್ತಿಯವರ ಆಧಾರ್ ಕಾರ್ಡಿನ್ಯಾಗ ಜೂನ್ 1 ಅಂತ ಐತಿ. ನಿಮ್ಮ ಮನಿ ಹಿರೇರ ಕಾರ್ಡ್ ತಗದು ನೋಡ್ರಿ, ಅರ್ಧ ಮಂದೀದು ಜೂನ್ 1 ಇರತೈತಿ, ಶಾಲಿಗೆ ಹಾಕೂ ಮುಂದ ಮಾಸ್ತರ ಬರಕೊಂಡದ್ದು. ಅತ್ತಿಯವರು ಖರೇ ಹುಟ್ಟಿದ ದಿನ ಬರದಿದ್ದು ಆ ಒಂದು ಹಾಳ್ಯಾಗ ಅಷ್ಟ. ಅದನ್ನ ನಾ ತಕ್ಕಡ್ಯಾಗ ಹಾಕಿದ್ದೆ.

ನನಗ ಬಾಯಿಂದ ಮಾತು ಬರಲಿಲ್ಲ. ಹಳಕಟ್ಟಿಯವರು ಹುಟ್ಟಿದ್ದು ಜುಲೈ 2, ಹೋದದ್ದು ಜೂನ್ 29, ಎಲ್ಲಾ ನನಗ ಬಾಯಿಪಾಠ. ಮನ್ಯಾಗಿನ ಅತ್ತಿ ಎಂದ ಹುಟ್ಯಾರ ಅಂತ ಒಂದಿನಾ ಕೇಳಿರಲಿಲ್ಲ. "ನೆನಪೈತೇನ್ರಿ?" ಅಂದೆ. "ಶ್ರಾವಣದಾಗ, ಎರಡನೇ ಸೋಮವಾರ, ಹೊತ್ತು ಮುಳುಗೂ ಮುಂದ. ಇಸವಿ ನೆನಪಿಲ್ಲ. ಅವ್ವ ಹೇಳ್ತಿದ್ಲು, ಆ ವರ್ಷ ಮಳಿ ಭಾಳ ಆಗಿ ಹೊಳಿ ಬಂದಿತ್ತಂತ." ತಮ್ಮಂದು? "ಅಂವದು ನನಗ ತಿಳೀದು. ಆ ಹಾಳ್ಯಾಗ ಇತ್ತು." ಅಷ್ಟು ಹೇಳಿ ಮತ್ತ ಪಾಟಿ ಕೈಗೆ ತಗೊಂಡು, "ಆತು ಬಿಡವಾ, ಎಲ್ಲಿಗೆ ಬಿಟ್ಟಿದ್ದೆ, ಅಲ್ಲಿಗೆ ತಗದು ಕೊಡು" ಅಂದ್ರು.

ಪುಸ್ತಕದ ಹತ್ತಾರು ಪ್ರತಿ ಹತ್ತಾರು ಲೈಬ್ರರ್ಯಾಗ ಇರ್ತಾವ. ಒಂದು ಹೋದ್ರ ಇನ್ನೊಂದು ಸ್ಕ್ಯಾನ್ ಆಗತೈತಿ. ನಮ್ಮ ಮನಿ ಪ್ರತಿ ಮಾತ್ರ ಒಂದ ಇರತೈತಿ, ಅದರಾಗಿನ ಕೈಬರಹ ಜಗತ್ತಿನ ಯಾವ ಲೈಬ್ರರ್ಯಾಗೂ ಇಲ್ಲ. ಅದಕ್ಕ ಅಕ್ಕಗಳಿರಾ, ತಂಗಿಗಳಿರಾ, ನಿಮಗ ಮೂರು ಮಾತು ಹೇಳಿ ಮುಗಸ್ತೇನಿ.

ಒಂದು, ದೀಪಾವಳಿಗೆ ಅಟ್ಟ ಹಸನ ಮಾಡೂ ಮುಂದ ಹಳೇ ಪುಸ್ತಕ ಸಿಕ್ರ ರದ್ದಿಗೆ ಹಾಕೂ ಮೊದಲ ಮುಂದಿನ ಹಾಳಿ, ಹಿಂದಿನ ಹಾಳಿ ತಿರುವಿ ನೋಡ್ರಿ. ಪೆನ್ಸಿಲ್ಲಿನ ಗೆರಿ ಇದ್ರೂ ಫೋಟೋ ಹೊಡಕೊಳ್ರಿ. ಮನಿ ಹಿರೇರನ್ನ ಒಂದು ಮಾತು ಕೇಳ್ರಿ.

ಎರಡು, ಹಿರೇರಿಗೆ ಇ-ರೀಡರ್ ಕೊಡಸೂದಿದ್ರ ರೊಕ್ಕ ಕೊಡೂ ಮೊದಲ ಅದರಾಗ ಒಂದು ಕನ್ನಡ ಪುಸ್ತಕ ತಗದು ನೋಡ್ರಿ, ಒತ್ತಕ್ಷರ ಚೆದರಿ ಕಾಣತಾವೇನಂತ. ಆಮ್ಯಾಲ ಕನ್ನಡ ವಿಕಿಸೋರ್ಸ್ ಅನ್ನೂ ತಾಣ ನೋಡ್ರಿ, ಅಲ್ಲಿ ಟೈಪ್ ಆದ ಪುಸ್ತಕ ಇ-ಪಬ್ ಆಗಿ ಇಳಿಸ್ಕೋಬಹುದು. ಅಲ್ಲಿ ಒಂದು ಬಾಜೂಕ ಹಾಳಿ ಫೋಟೋ, ಇನ್ನೊಂದು ಬಾಜೂಕ ಅಕ್ಷರ. ಒಬ್ಬರು ತಿದ್ದಿದ್ರ ಹಳದಿ ಗುರುತು, ಎರಡನೇದವರು ನೋಡಿ ಹೂಂ ಅಂದ್ರ ಹಸರ. ನಮ್ಮ ಹಾಳೀನೂ ಮುಗಿದ ಮ್ಯಾಲ ಅಲ್ಲಿಗೆ ಏರಸೂ ವಿಚಾರ ಐತಿ, ನಮ್ಮ ಅತ್ತಿಯವರಂಥಾವರು ಮತ್ತ ಯಾರ ಮನ್ಯಾಗರೆ ಇರ್ತಾರ.

ಮೂರನೇದು, ನಮ್ಮ ಪುಸ್ತಕದಾಗ ಇನ್ನೂ ಅರ್ಧಕ್ಕಿಂತ ಹೆಚ್ಚು ಹಾಳಿ ಉಳದಾವ. ಟೈಪ್ ಬರದಿದ್ರ ಓದಿ ಹೇಳ್ರಿ, ಓದಾಕ ಆಗದಿದ್ರ ತಿದ್ದೂ ಮುಂದ ಜೋಡಿ ಕುಂಡ್ರಿ. ಹತ್ತು ಹಾಳಿ ಸಾಕು. ಯಾರ್ಯಾರಿಗೆ ಆಗತೈತಿ ಅವರು ನನಗ ಫೋನ್ ಮಾಡ್ರಿ, ಹಾಳಿ ನಂಬರ್ ಕೊಡ್ತೇನಿ. ಮುಂದಿನ ಶ್ರಾವಣದ ಎರಡನೇ ಸೋಮವಾರದೊಳಗ ಮುಗಸಬೇಕಂತ ಮಾಡೇನಿ. ಅವತ್ತ ನಮ್ಮ ಮನ್ಯಾಗ ಹೂರಣದ ಹೋಳಿಗಿ, ಎಲ್ಲಾರೂ ಬರ್ರಿ.